ಎಲ್‌ಪಿ ಅರ್ಧ ಹಡಗು ಮಾತ್ರ ಸಾಕು ಅನ್ನುತ್ತಿದೆ: ಅಗ್ಗದ ಕ್ರೂಡ್ ಲೆಕ್ಕ ಎಲ್ಲಿ ತಿರುಗುತ್ತದೆ?

ಹೊಸ_ಪ್ಲಾನರ್

ಎಲ್ಲರಿಗೂ ನಮಸ್ಕಾರ. ಪ್ರೊಸೆಸ್ ವಿಭಾಗದಿಂದ ಪ್ಲಾನಿಂಗ್‌ಗೆ ಈಚೆಗೆ ಬಂದವನು ನಾನು. ಒಂದು ವಿಷಯ ತಲೆಗೆ ಹತ್ತುತ್ತಿಲ್ಲ, ಬಿಡಿಸಿ ಹೇಳಿ.

ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆಗಳನ್ನೇ ಕೊಡುತ್ತೇನೆ. ರಿಫೈನರಿ ದಿನಕ್ಕೆ 1 ಲಕ್ಷ ಬ್ಯಾರೆಲ್‌ನದ್ದು. ಈಗ ಓಡುತ್ತಿರುವುದು 32 ಎಪಿಐ (ಕಚ್ಚಾ ತೈಲ ಎಷ್ಟು ಹಗುರ ಅನ್ನುವ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಭಾರ), 1.5% ಗಂಧಕದ ಕ್ರೂಡ್. ಅದರಲ್ಲಿ ಬ್ಯಾರೆಲ್‌ಗೆ 4 ಡಾಲರ್ ಮಾರ್ಜಿನ್ ಉಳಿಯುತ್ತದೆ. ಈಗ 22 ಎಪಿಐ, 3.5% ಗಂಧಕದ ಭಾರದ ಕ್ರೂಡ್ ಒಂದು ಒಳ್ಳೆಯ ಡಿಸ್ಕೌಂಟ್‌ನಲ್ಲಿ ಬಂದಿದೆ. ಅಸ್ಸೇ (ಕ್ರೂಡ್‌ನ ಲ್ಯಾಬ್ ವಿಶ್ಲೇಷಣೆ) ಹಿಡಿದು ಯೀಲ್ಡ್, ಅಂದರೆ ಯಾವ ಉತ್ಪನ್ನ ಎಷ್ಟು ಬರುತ್ತದೆ ಅಂತ, ತೆಗೆದೆ. ಒಂದೊಂದು ಉತ್ಪನ್ನವನ್ನೂ ಅದರ ಬೆಲೆಯಿಂದ ಗುಣಿಸಿ ಕೂಡಿಸಿದೆ. ಕ್ರೂಡ್ ಬೆಲೆ, ಹಡಗಿನ ಬಾಡಿಗೆ, ಓಡಿಸುವ ಖರ್ಚು ಎಲ್ಲ ಕಳೆದೆ. 7 ಡಾಲರ್ ಉಳಿಯಿತು. ಅಂದರೆ ಈಗಿನದಕ್ಕಿಂತ 3 ಡಾಲರ್ ಜಾಸ್ತಿ.

ಆದರೆ ಎಲ್‌ಪಿ ಮಾಡೆಲ್ (ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಮಿತಿಗಳೊಳಗೆ ಅತಿ ಹೆಚ್ಚು ಲಾಭದ ಯೋಜನೆ ಹುಡುಕುವ ಕಂಪ್ಯೂಟರ್ ಲೆಕ್ಕ) ದಿನಕ್ಕೆ 10 ಸಾವಿರ ಬ್ಯಾರೆಲ್ ತೆಗೆದುಕೊಂಡು ನಿಂತುಬಿಡುತ್ತದೆ. ತಿಂಗಳಿಗೆ 3 ಲಕ್ಷ. ಹಡಗಿನಲ್ಲಿ ಬರುವುದು 6 ಲಕ್ಷ! ಬ್ಯಾರೆಲ್‌ಗೆ 3 ಡಾಲರ್ ಲಾಭ ಇರುವ ಮಾಲನ್ನು ಮಾಡೆಲ್ ಯಾಕೆ ಬೇಡ ಅನ್ನುತ್ತದೆ? ಕ್ರೂಡ್‌ನ ಭಾರದ ತಳಭಾಗ ಒಡೆಯುವ ಕೋಕರ್‌ನಲ್ಲಿ ಜಾಗ ಇದೆ, ನೋಡಿದ್ದೇನೆ.

ಮಾರ್ಜಿನ್_ಮೇಜು

ನೀವು ತೆಗೆದ 7 ಡಾಲರ್ ಆ ಕ್ರೂಡ್ ಒಂಟಿಯಾಗಿ ಬಂದರೆ ಎಷ್ಟು ಬೆಲೆ ಬಾಳುತ್ತದೆ ಅನ್ನುವ ಲೆಕ್ಕ. ಆದರೆ ಕ್ರೂಡ್ ಒಂಟಿಯಾಗಿ ಬರುವುದಿಲ್ಲ. ಆಗಲೇ ತುಂಬಿರುವ ಒಂದು ರಿಫೈನರಿಯೊಳಗೆ ಬರುತ್ತದೆ. ಬರುವಾಗ ಯಾರದ್ದೋ ಜಾಗ ತೆಗೆದುಕೊಂಡೇ ಬರುತ್ತದೆ. ಆ ಜಾಗಕ್ಕೂ ಒಂದು ಬೆಲೆ ಇದೆ. ಅದು ನಿಮ್ಮ ಪಟ್ಟಿಯಲ್ಲಿ ಇಲ್ಲ, ಮಾಡೆಲ್‌ನಲ್ಲಿ ಇದೆ.

ನೀವು ಕೋಕರ್ ನೋಡಿದಿರಿ. ಕ್ರೂಡ್‌ನಿಂದ ತೆಗೆದ ಗಂಧಕ ಹಿಡಿಯುವ ಸಲ್ಫರ್ ರಿಕವರಿ ಯೂನಿಟ್ ನೋಡಿದಿರಾ? ಅಲ್ಲೇ ಸಿಕ್ಕಿಕೊಂಡಿರಬೇಕು ಅನ್ನಿಸುತ್ತದೆ. ಎಷ್ಟು ಟನ್ ಖಾಲಿ ಇದೆ ಹೇಳಿ.

ಹೊಸ_ಪ್ಲಾನರ್

ದಿನಕ್ಕೆ 30 ಟನ್ ಖಾಲಿ ಇತ್ತು. ಈ ರನ್‌ನಲ್ಲಿ ಪೂರ್ತಿ ತುಂಬಿದೆ. ಗಂಧಕ ತೆಗೆಯಲು ಬೇಕಾಗುವ ಹೈಡ್ರೋಜನ್ ಇನ್ನೂ ಸ್ವಲ್ಪ ಉಳಿದಿದೆ.

ಮಾರ್ಜಿನ್_ಮೇಜು

ಸಿಕ್ಕಿತು ನೋಡಿ. ಕೈಲೆಕ್ಕದಲ್ಲೇ ಮಾಡೋಣ. ಕೈಲೆಕ್ಕ ಮಾಡದೆ ಮಾಡೆಲ್ ಉತ್ತರ ನಂಬಬಾರದು, ನಂಬದೇನೂ ಇರಬಾರದು.

22 ಎಪಿಐ ಅಂದರೆ ಸಾಂದ್ರತೆ ಸುಮಾರು 0.92. 10 ಸಾವಿರ ಬ್ಯಾರೆಲ್‌ಗೆ 1,465 ಟನ್. ಅದರ 3.5% ಅಂದರೆ 51 ಟನ್ ಗಂಧಕ. ಅದು ಬಂದಾಗ ಹೊರಗೆ ಹೋಗುವುದು ನಿಮ್ಮ 32 ಎಪಿಐ ಕ್ರೂಡ್‌ನ 10 ಸಾವಿರ ಬ್ಯಾರೆಲ್. ಅದು 1,376 ಟನ್, ಅದರ 1.5% ಅಂದರೆ 21 ಟನ್. ವ್ಯತ್ಯಾಸ 30 ಟನ್. ನಿಮ್ಮಲ್ಲಿ ಖಾಲಿ ಇದ್ದದ್ದೂ 30. ಮೊದಲ 10 ಸಾವಿರ ಸರಾಗವಾಗಿ ಒಳಗೆ ಬಂತು.

ಇನ್ನು ಎರಡನೇ 10 ಸಾವಿರ. ಮತ್ತೆ 30 ಟನ್ ಗಂಧಕ ಬರುತ್ತದೆ, ಅದಕ್ಕೆ ಜಾಗ ಇಲ್ಲ. ಆ 30 ಟನ್ ಎಲ್ಲಿಂದಾದರೂ ಕಡಿಮೆ ಮಾಡಬೇಕು. ಬೇರೆ ದಾರಿ ಇಲ್ಲದಿದ್ದರೆ ಈಗಿನ ಕ್ರೂಡ್ ಓಡಿಸುವುದನ್ನೇ ತಗ್ಗಿಸಬೇಕು. ಅದರಲ್ಲಿ 10 ಸಾವಿರ ಬ್ಯಾರೆಲ್‌ಗೆ 21 ಟನ್ ಇರುವುದರಿಂದ, 30 ಟನ್ ಇಳಿಸಲು ಸುಮಾರು 15 ಸಾವಿರ ಬ್ಯಾರೆಲ್ ನಿಲ್ಲಿಸಬೇಕು. ಬ್ಯಾರೆಲ್‌ಗೆ 4 ಡಾಲರ್‌ನಂತೆ ದಿನಕ್ಕೆ 60 ಸಾವಿರ ಡಾಲರ್ ಕೈಬಿಟ್ಟಿತು. ಇದನ್ನು ಎರಡನೇ 10 ಸಾವಿರ ಬ್ಯಾರೆಲ್ ಮೇಲೆ ಹಂಚಿ. ಬ್ಯಾರೆಲ್‌ಗೆ 6 ಡಾಲರ್!

3 ಡಾಲರ್ ಲಾಭಕ್ಕೆ 6 ಡಾಲರ್ ನಷ್ಟ. ಮಾಡೆಲ್ ನಿಂತದ್ದು ಇಲ್ಲೇ. ಮೊದಲ ಅರ್ಧದಲ್ಲಿ ಬ್ಯಾರೆಲ್‌ಗೆ 3 ಡಾಲರ್ ಬಂತು, ಎರಡನೇ ಅರ್ಧದಲ್ಲಿ 3 ಡಾಲರ್ ಹೋಯಿತು. ಇಡೀ ಹಡಗು ಕೊಂಡರೆ ಲಾಭ ಹೆಚ್ಚುಕಡಿಮೆ ಸೊನ್ನೆ. ಅದೇ ಕ್ರೂಡ್, ಅದೇ ಬೆಲೆ, ಅದೇ ಅಸ್ಸೇ.

ಗಂಧಕ_ಘಟಕ

ಲೆಕ್ಕದ ದಾರಿ ಸರಿ ಇದೆ. ಆದರೆ ಒಂದು ತಿದ್ದುಪಡಿ ಬೇಕು. ಕ್ರೂಡ್‌ನ ಗಂಧಕ ಎಲ್ಲವೂ ನಮ್ಮ ಯೂನಿಟ್‌ಗೆ ಬರುವುದಿಲ್ಲ. ಕೋಕ್‌ನಲ್ಲಿ ಒಂದು ಪಾಲು ಹೋಗುತ್ತದೆ, ಫ್ಯೂಯೆಲ್ ಆಯಿಲ್ ಅಥವಾ ಬಿಟುಮೆನ್ ಮಾಡುವವರಲ್ಲಿ ಅದರಲ್ಲೂ ಹೋಗುತ್ತದೆ. ಭಾರದ ಕ್ರೂಡ್‌ನಲ್ಲಿ ಗಂಧಕ ಜಾಸ್ತಿ ಕೂತಿರುವುದು ಬುಡದಲ್ಲೇ, ಅಂದರೆ ವ್ಯಾಕ್ಯೂಮ್ ರೆಸಿಡ್ಯೂನಲ್ಲಿ. ಹಾಗಾಗಿ 30 ಅನ್ನುವುದು ನಿಜದಲ್ಲಿ ಅದಕ್ಕಿಂತ ಕಡಿಮೆ. ಒಟ್ಟು ಗಂಧಕ ಬಿಟ್ಟು ಪ್ರತಿ ಕಟ್‌ನ (ಬಟ್ಟಿ ಇಳಿಸಿದಾಗ ಬೇರೆಯಾಗುವ ಭಾಗದ) ಗಂಧಕ ಹಿಡಿದು ನೋಡಿ.

ಇನ್ನೊಂದು ಮಾತು. ಯೂನಿಟ್ ಸಾಮರ್ಥ್ಯ ಅಂತ ಮಾಡೆಲ್‌ನಲ್ಲಿ ಕೂತಿರುವ ಸಂಖ್ಯೆ ಯಾವ ಕಾಲದ್ದು ಅಂತ ಕೇಳಿ. ಡಿಸೈನ್ ಸಂಖ್ಯೆಯನ್ನೇ ವರ್ಷಗಟ್ಟಲೆ ಇಟ್ಟುಕೊಂಡು ಬಂದಿರುತ್ತಾರೆ. ಕ್ಯಾಟಲಿಸ್ಟ್ ಹಳೆಯದಾಗಿದ್ದರೆ ಅಷ್ಟು ಎಳೆಯುವುದಿಲ್ಲ. ಗಂಧಕದ ಅನಿಲ ಹೀರಿ ನಮಗೆ ಕಳಿಸುವ ಅಮೈನ್ ಘಟಕದ ಕಡೆ ಮೊದಲೇ ಕಟ್ಟಿಕೊಂಡಿರಬಹುದು. ಪ್ಲಾನಿಂಗ್‌ನವರು ಕಂಟ್ರೋಲ್ ರೂಮಿಗೆ ಒಂದು ಫೋನ್ ಮಾಡಿ ಕೇಳಿದರೆ ಇದು ಗೊತ್ತಾಗುತ್ತದೆ. ದಯವಿಟ್ಟು ಕೇಳಿ.

ಸಿಂಪ್ಲೆಕ್ಸ್

ಹೊಸ_ಪ್ಲಾನರ್ ಅವರೇ, ನಿಮ್ಮ ರಿಪೋರ್ಟಿನಲ್ಲಿ ಸಲ್ಫರ್ ಯೂನಿಟ್ ಸಾಲಿನ ಎದುರು ಶ್ಯಾಡೋ ಪ್ರೈಸ್ ಅಂತ ಒಂದು ಸಂಖ್ಯೆ ಇರುತ್ತದೆ, ಅಂದರೆ ಆ ಯೂನಿಟ್‌ನಲ್ಲಿ ಇನ್ನೊಂದು ಟನ್ ಜಾಗ ಇದ್ದರೆ ಲಾಭ ಎಷ್ಟು ಹೆಚ್ಚುತ್ತದೆ ಅಂತ. ಮೇಲಿನ ಲೆಕ್ಕದಲ್ಲಿ ಅದು ಸುಮ್ನೆ ಬರುತ್ತದೆ ನೋಡಿ. 21 ಟನ್ ಜಾಗ ಇದ್ದರೆ ಈಗಿನ ಕ್ರೂಡ್ 10 ಸಾವಿರ ಬ್ಯಾರೆಲ್ ಓಡಿಸಿ 40 ಸಾವಿರ ಡಾಲರ್ ಮಾಡಬಹುದು, ಅಲ್ವಾ? ಟನ್ನಿಗೆ ಸುಮಾರು 1,900 ಡಾಲರ್ ಆಯಿತು. ಎರಡನೇ ಅರ್ಧ ಹಡಗು ನಷ್ಟದ್ದು ಅನ್ನುವ ತೀರ್ಪು ಬಂದದ್ದು ಈ ಸಂಖ್ಯೆಯಿಂದ.

ಇದರ ಮೇಲೆ ಬಹಳ ಜನ ಕಾಲು ಜಾರುತ್ತಾರೆ. ಶ್ಯಾಡೋ ಪ್ರೈಸ್ ಮುಂದಿನ ಒಂದು ಟನ್ನಿಗೆ ಹೇಳುವ ಮಾತು. ಅದನ್ನು ಇಡೀ ಹಡಗಿನಿಂದ ಗುಣಿಸಬಾರದು. ಹತ್ತಿಪ್ಪತ್ತು ಟನ್ ಆದಮೇಲೆ ಹೈಡ್ರೋಜನ್ ಮುಗಿಯಬಹುದು, ಆಗ ಬೆಲೆಯೇ ಬೇರೆ. ಹಾಗೆಯೇ ಖಾಲಿ ಯೂನಿಟ್‌ಗೆ ಶ್ಯಾಡೋ ಪ್ರೈಸ್ ಸೊನ್ನೆ ತೋರಿಸುತ್ತದೆ, ಅದು ನಿನ್ನೆಯ ಕ್ರೂಡ್‌ಗೆ ಸರಿ. ಹೊಸ ಕ್ರೂಡ್ ಬಂದ ದಿನ ಅದೇ ಯೂನಿಟ್ ಎಲ್ಲಕ್ಕಿಂತ ದುಬಾರಿ ಆಗಬಹುದು.

ಹಾಗಾಗಿ ಕ್ರೂಡ್‌ನ ಬ್ರೇಕ್‌ಈವನ್ (ಲಾಭ ಸೊನ್ನೆ ಆಗುವ ಬೆಲೆ) ಒಂದೇ ಸಂಖ್ಯೆ ಅಂತ ಯಾರಿಗೂ ಕೊಡಬೇಡಿ. 1 ಲಕ್ಷ ಬ್ಯಾರೆಲ್‌ಗೆ ಎಷ್ಟು, 3 ಲಕ್ಷಕ್ಕೆ ಎಷ್ಟು, 6 ಲಕ್ಷಕ್ಕೆ ಎಷ್ಟು ಅಂತ ಮಾಡೆಲ್ ಓಡಿಸಿ ಸಾಲಾಗಿ ಬರೆಯಿರಿ. ಇಳಿಯುತ್ತಾ ಹೋಗುವ ಆ ಗೆರೆ ನೋಡಿದರೆ ಟ್ರೇಡಿಂಗ್‌ನವರಿಗೆ ಮಾತು ಅರ್ಥವಾಗುತ್ತದೆ.

ಹಡಗು_ಬಾಡಿಗೆ

ಟ್ರೇಡಿಂಗ್ ಕಡೆಯಿಂದ ಒಂದೆರಡು ಮಾತು. ಅರ್ಧ ಹಡಗು ಬೇಕು ಅಂತ ಮಾಡೆಲ್ ಹೇಳಬಹುದು, ಮಾರುವವರು ಕೊಡಬೇಕಲ್ಲ. ಹಡಗಿನ ಗಾತ್ರಗಳು ನೋಡಿ: ಆಫ್ರಾಮ್ಯಾಕ್ಸ್‌ನಲ್ಲಿ ಸುಮಾರು 6ರಿಂದ 7 ಲಕ್ಷ ಬ್ಯಾರೆಲ್, ಸೂಯೆಜ್‌ಮ್ಯಾಕ್ಸ್‌ನಲ್ಲಿ 10 ಲಕ್ಷ, ವಿಎಲ್‌ಸಿಸಿಯಲ್ಲಿ 20 ಲಕ್ಷ. ಪಕ್ಕದ ಯಾರಾದರೂ ಪಾಲು ತೆಗೆದುಕೊಂಡರೆ ಒಂದೇ ಹಡಗಿನಲ್ಲಿ ತರಿಸಿ ಎರಡು ಬಂದರಿನಲ್ಲಿ ಇಳಿಸಬಹುದು. ಆದರೆ ಎರಡನೇ ಬಂದರಿಗೆ ಬೇರೆ ಖರ್ಚು.

ಬಾಡಿಗೆ ಲೆಕ್ಕದಲ್ಲಿ ಒಂದು ಕಡೆ ಕಣ್ಣಿಡಿ. ಕ್ರೂಡ್ ಕೊಳ್ಳುವುದು ಬ್ಯಾರೆಲ್‌ನಲ್ಲಿ, ಬಾಡಿಗೆ ಕೊಡುವುದು ಟನ್ನಿನಲ್ಲಿ. 32 ಎಪಿಐ ಕ್ರೂಡ್ ಟನ್ನಿಗೆ 7.27 ಬ್ಯಾರೆಲ್ ಬರುತ್ತದೆ, 22 ಎಪಿಐ 6.82 ಮಾತ್ರ. ಬಾಡಿಗೆ ಟನ್ನಿಗೆ 20 ಡಾಲರ್ ಅಂದುಕೊಂಡರೆ ಭಾರದ ಕ್ರೂಡ್‌ಗೆ ಬ್ಯಾರೆಲ್‌ಗೆ 18 ಸೆಂಟ್ ಜಾಸ್ತಿ ಬೀಳುತ್ತದೆ. ಎರಡಕ್ಕೂ ಒಂದೇ ಬ್ಯಾರೆಲ್ ಬಾಡಿಗೆ ಹಾಕಿದ ಪಟ್ಟಿಗಳನ್ನು ನಾನು ನೋಡಿದ್ದೇನೆ. 6 ಲಕ್ಷ ಬ್ಯಾರೆಲ್‌ಗೆ ಅದು 1 ಲಕ್ಷ ಡಾಲರ್ ಮೀರುತ್ತದೆ.

ಹೊಸ_ಪ್ಲಾನರ್

ಬಾಡಿಗೆ ಟನ್ ಲೆಕ್ಕದಲ್ಲೇ ಹಾಕಿದ್ದೇನೆ ಸರ್. ಮಾರುವವರು ಪೂರ್ತಿ ಹಡಗು ಅಂತಲೇ ಹೇಳುತ್ತಿದ್ದಾರೆ. ಹಾಗಾದರೆ ಈ ಕ್ರೂಡ್ ಬಿಟ್ಟುಬಿಡುವುದೇ ಸರಿಯಾ?

ಮಾರ್ಜಿನ್_ಮೇಜು

ಬಿಡುವ ಮೊದಲು ಒಂದು ದಾರಿ ನೋಡಿ. ಮೇಲೆ ನಾನು "ಬೇರೆ ದಾರಿ ಇಲ್ಲದಿದ್ದರೆ" ಅಂದಿದ್ದೆ. ದಾರಿ ಇದೆ. ಗಂಧಕ ಇಳಿಸಲು ಓಟ ತಗ್ಗಿಸುವ ಬದಲು, ಈಗಿನ ಕ್ರೂಡ್‌ನ ಒಂದು ಭಾಗವನ್ನು ಗಂಧಕ ಕಡಿಮೆ ಇರುವ ಹಗುರ ಕ್ರೂಡ್‌ಗೆ ಬದಲಾಯಿಸಿ.

36 ಎಪಿಐ, 0.2% ಗಂಧಕದ್ದು ಅಂದುಕೊಳ್ಳಿ. 10 ಸಾವಿರ ಬ್ಯಾರೆಲ್‌ಗೆ ಗಂಧಕ ಬರೀ 3 ಟನ್. ಈಗಿನದ್ದು 21. ಪ್ರತಿ 10 ಸಾವಿರ ಬದಲಾಯಿಸಿದರೆ 18 ಟನ್ ಉಳಿತಾಯ. 30 ಟನ್ ಇಳಿಸಲು ಸುಮಾರು 17 ಸಾವಿರ ಬ್ಯಾರೆಲ್ ಬದಲಾಯಿಸಬೇಕು. ಆ ಹಗುರ ಕ್ರೂಡ್ ನಿಮಗೆ ಈಗಿನದಕ್ಕಿಂತ ಬ್ಯಾರೆಲ್‌ಗೆ 1 ಡಾಲರ್ ಕಡಿಮೆ ಮಾರ್ಜಿನ್ ಕೊಡುತ್ತದೆ ಅಂತಿರಲಿ. ದಿನಕ್ಕೆ 17 ಸಾವಿರ ಡಾಲರ್ ಖರ್ಚು. ಎರಡನೇ 10 ಸಾವಿರ ಭಾರದ ಬ್ಯಾರೆಲ್ ಮೇಲೆ ಹಂಚಿದರೆ 1.70 ಡಾಲರ್. 3ರಲ್ಲಿ ಅದು ಕಳೆದರೆ 1.30 ಉಳಿಯಿತು. ನಷ್ಟದಲ್ಲಿದ್ದ ಅರ್ಧ ಹಡಗು ಲಾಭಕ್ಕೆ ಬಂತು. ಇಡೀ ಹಡಗಿಗೆ ಸರಾಸರಿ 2.15 ಡಾಲರ್.

ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾಗುವುದು ಇದೇ. ಒಂಟಿಯಾಗಿ ನೋಡಿದರೆ ಆ ಹಗುರ ಕ್ರೂಡ್ ನಷ್ಟದ ಬಾಬತ್ತು, ಯಾರೂ ಮುಟ್ಟುವುದಿಲ್ಲ. ಭಾರದ ಕ್ರೂಡ್ ಅರ್ಧಕ್ಕೆ ನಿಲ್ಲುತ್ತದೆ. ಎರಡನ್ನೂ ಜೋಡಿಯಾಗಿ ತಂದರೆ ದುಡ್ಡು ಬರುತ್ತದೆ. ಕ್ರೂಡ್ ಒಂದೊಂದನ್ನೇ ಪಟ್ಟಿ ಮಾಡಿ ಮೇಲಿಂದ ಕೆಳಕ್ಕೆ ಕೊಳ್ಳುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇಂಥ ಜೋಡಿಗಳು ಕೈತಪ್ಪುತ್ತವೆ. ಬೆಲೆ ಕಟ್ಟಬೇಕಾದದ್ದು ಸ್ಲೇಟ್‌ಗೆ, ಅಂದರೆ ಒಟ್ಟಿಗೆ ಓಡುವ ಕ್ರೂಡ್‌ಗಳ ಇಡೀ ಗುಂಪಿಗೆ.

ಮಿತಿ ಎಲ್ಲಿದೆ ಅಂತಲೂ ತಿಳಿದಿರಲಿ. ಹಗುರ ಕ್ರೂಡ್‌ನ ಕೊರತೆ 1 ಡಾಲರ್ ಬದಲು 1.75 ದಾಟಿದರೆ ಎರಡನೇ ಅರ್ಧ ಮತ್ತೆ ನಷ್ಟಕ್ಕೆ ಇಳಿಯುತ್ತದೆ.

ತುಕ್ಕು_ತಪಾಸಣೆ

ಇಷ್ಟು ಹೊತ್ತು ಎಲ್ಲರೂ ಗಂಧಕದ ಮಾತಾಡಿದಿರಿ. ಆಮ್ಲ ಎಷ್ಟಿದೆ? ಗಂಧಕ ಕಡಿಮೆ ಅಂದ ಮಾತ್ರಕ್ಕೆ ಕ್ರೂಡ್ ಸಾಧು ಅಂತಲ್ಲ. ಚಾಡ್ ದೇಶದ ಡೋಬಾ ಕ್ರೂಡ್‌ನಲ್ಲಿ ಗಂಧಕ ತೀರಾ ಕಡಿಮೆ, ಆದರೆ ಆಮ್ಲವೂ ಕ್ಯಾಲ್ಸಿಯಂ ಕೂಡ ಜಾಸ್ತಿ. ಟ್ಯಾನ್ (ಆಮ್ಲದ ಪ್ರಮಾಣದ ಅಳತೆ) 0.5 ದಾಟಿದರೆ ನಾವು ಎಚ್ಚರವಾಗುತ್ತೇವೆ. ನಾಫ್ತೆನಿಕ್ ಆಮ್ಲ ಕಚ್ಚುವುದು ಸುಮಾರು 220ರಿಂದ 400 ಡಿಗ್ರಿ ಸೆಲ್ಸಿಯಸ್ ನಡುವೆ. ಅಂದರೆ ಹೀಟರ್ ಪೈಪ್, ಟ್ರಾನ್ಸ್‌ಫರ್ ಲೈನ್, ವ್ಯಾಕ್ಯೂಮ್ ಕಾಲಮ್‌ನ ಸೈಡ್‌ಕಟ್ ಜಾಗಗಳು. ವೇಗ ಜಾಸ್ತಿ ಇರುವ ತಿರುವುಗಳಲ್ಲಿ ಇನ್ನೂ ಕೆಟ್ಟದು. ಮಾಲಿಬ್ಡಿನಮ್ ಸಾಕಷ್ಟು ಇರುವ ಸ್ಟೇನ್‌ಲೆಸ್ ಸ್ಟೀಲ್ ಇದ್ದರೆ ತಡೆಯುತ್ತದೆ. ಸಾದಾ ಕಾರ್ಬನ್ ಸ್ಟೀಲ್ ಇದ್ದರೆ ತಡೆಯುವುದಿಲ್ಲ.

ಎಲ್‌ಪಿಯಲ್ಲಿ ಇದನ್ನು "ಮಿಶ್ರಣದ ಟ್ಯಾನ್ ಇಷ್ಟು ಮೀರಬಾರದು" ಅಂತ ಒಂದು ಸಾಲು ಹಾಕಿ ಮುಗಿಸುತ್ತಾರೆ. ಒಟ್ಟು ಕ್ರೂಡ್‌ನ ಟ್ಯಾನ್ ಸರಿ ಇದ್ದು, ಒಂದು ಕಟ್‌ನಲ್ಲಿ ಮಾತ್ರ ಆಮ್ಲ ಗುಂಪುಗೂಡಿರಬಹುದು. ಕಟ್‌ವಾರು ನೋಡಿ. ಪೈಪ್ ದಪ್ಪ ತೆಳುವಾಗುವ ಖರ್ಚು ಈ ತಿಂಗಳ ಮಾರ್ಜಿನ್‌ನಲ್ಲಿ ಕಾಣುವುದಿಲ್ಲ. ಹಾಗಂತ ಅದು ಖರ್ಚಲ್ಲ ಅನ್ನಬೇಡಿ.

ಗಂಧಕ_ಘಟಕ

ಒಪ್ಪುತ್ತೇನೆ. ಜೊತೆಗೆ ಅಸ್ಸೇ ಯಾವ ವರ್ಷದ್ದು ಅಂತಲೂ ನೋಡಿ. ಒಂದೇ ಹೆಸರಿನ ಕ್ರೂಡ್ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಇರಾಕ್‌ನ ಬಸ್ರಾ ಲೈಟ್ ಗುಣ ಏರುಪೇರಾಗಿ ಕೊನೆಗೆ 2015ರಲ್ಲಿ ಬಸ್ರಾ ಹೆವಿ ಅಂತ ಬೇರೆಯಾಗಿಯೇ ಮಾರಲು ಶುರು ಮಾಡಿದರು. 2019ರ ಏಪ್ರಿಲ್‌ನಲ್ಲಿ ದ್ರುಝ್ಬಾ ಪೈಪ್‌ಲೈನ್‌ನಲ್ಲಿ ಬಂದ ರಷ್ಯಾದ ಯುರಾಲ್ಸ್‌ನಲ್ಲಿ ಆರ್ಗ್ಯಾನಿಕ್ ಕ್ಲೋರೈಡ್ ಸಿಕ್ಕಿತು. ಮಿತಿ 10 ಪಿಪಿಎಂ, ಇದ್ದದ್ದು ಅದರ ಹತ್ತಾರು ಪಟ್ಟು. ಡೆಸಾಲ್ಟರ್ ಉಪ್ಪನ್ನು ತೊಳೆಯುತ್ತದೆ, ಆರ್ಗ್ಯಾನಿಕ್ ಕ್ಲೋರೈಡ್ ತೊಳೆಯುವುದಿಲ್ಲ. ಅದು ಮುಂದೆ, ಹೈಡ್ರೋಜನ್ ಬಳಸಿ ಗಂಧಕ ತೆಗೆಯುವ ಹೈಡ್ರೋಟ್ರೀಟರ್‌ನಲ್ಲಿ, ಹೈಡ್ರೋಕ್ಲೋರಿಕ್ ಆಮ್ಲ ಆಗುತ್ತದೆ. ಅಸ್ಸೇಯಲ್ಲಿ ಇಂಥದ್ದು ಬರೆದಿರುವುದಿಲ್ಲ. ಹಡಗು ಬಂದಾಗ ಸ್ಯಾಂಪಲ್ ತೆಗೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹೊಸ_ಪ್ಲಾನರ್

ಜೋಡಿ ಹಾಕಿ ರನ್ ಮಾಡಿದೆ. ಮಾಡೆಲ್ ಈಗ ಭಾರದ್ದು ದಿನಕ್ಕೆ 20 ಸಾವಿರ, ಹಗುರದ್ದು 17 ಸಾವಿರ ತೆಗೆದುಕೊಳ್ಳುತ್ತಿದೆ. ಟ್ಯಾನ್ ಎರಡರಲ್ಲೂ 0.3 ಒಳಗೇ ಇದೆ. ಆದರೆ ಒಂದು ವಿಚಿತ್ರ. ಹಳೆಯ ಉತ್ತರದಿಂದ ಶುರು ಮಾಡಿದರೆ ಅರ್ಧ ಹಡಗಿಗೇ ನಿಲ್ಲುತ್ತದೆ. ಹೊಸದಾಗಿ ಶುರು ಮಾಡಿದರೆ ಮಾತ್ರ ಜೋಡಿ ಹಿಡಿಯುತ್ತದೆ. ಎರಡರಲ್ಲೂ ಪರದೆಯ ಮೇಲೆ "ಆಪ್ಟಿಮಲ್" ಅಂತಲೇ ಬರುತ್ತದೆ.

ಸಿಂಪ್ಲೆಕ್ಸ್

ಇದು ಹಳೆಯ ಪೂಲಿಂಗ್ ಸಮಸ್ಯೆ, ಬಹಳ ಮುಖ್ಯವಾದದ್ದು. ಬರೀ ಸರಳರೇಖೆಯ ಲೆಕ್ಕವಾದರೆ ಹೀಗೆ ಆಗುವುದಿಲ್ಲ. 1947ರಲ್ಲಿ ಡಾಂಟ್ಜಿಗ್ ಕೊಟ್ಟ ಸಿಂಪ್ಲೆಕ್ಸ್ ವಿಧಾನ ಎಲ್ಲಿಂದ ಶುರು ಮಾಡಿದರೂ ಅತ್ಯುತ್ತಮ ಲಾಭಕ್ಕೇ ತಲುಪಿಸುತ್ತದೆ. ಆದರೆ ಎರಡು ಕ್ರೂಡ್ ಒಂದೇ ಟ್ಯಾಂಕ್‌ಗೆ ಬಿದ್ದ ತಕ್ಷಣ ಟ್ಯಾಂಕ್‌ನ ಗಂಧಕವೂ ಗೊತ್ತಿಲ್ಲ, ಅಲ್ಲಿಂದ ಎಷ್ಟು ಎಳೆಯುತ್ತೇವೆ ಅನ್ನುವುದೂ ಗೊತ್ತಿಲ್ಲ. ಎರಡು ಅಜ್ಞಾತಗಳ ಗುಣಲಬ್ಧ ಬಂತು. ಅದಾದ ಮೇಲೆ ಮಾಡೆಲ್ ಹತ್ತಿರದ ಗುಡ್ಡ ಹತ್ತಿ ಇದೇ ಶಿಖರ ಅನ್ನಬಹುದು.

ಹ್ಯಾವರ್ಲಿ 1978ರಲ್ಲಿ ಕೊಟ್ಟ ಪುಟ್ಟ ಉದಾಹರಣೆ ಇದೆ, ಪೆನ್ನು ಹಿಡಿದು ಮಾಡಿ ನೋಡಿ. ಮೂರು ತೈಲ. ಎ: 3% ಗಂಧಕ, 6 ಡಾಲರ್. ಬಿ: 1%, 16 ಡಾಲರ್. ಸಿ: 2%, 10 ಡಾಲರ್. ಎ ಮತ್ತು ಬಿ ಒಂದೇ ಟ್ಯಾಂಕ್‌ಗೆ ಹೋಗಬೇಕು, ಸಿ ನೇರವಾಗಿ ಬ್ಲೆಂಡ್‌ಗೆ. ಉತ್ಪನ್ನ ಎರಡು. ಒಂದರಲ್ಲಿ ಗಂಧಕ 2.5% ಮೀರಬಾರದು, ಬೆಲೆ 9 ಡಾಲರ್, 100ರವರೆಗೆ ಮಾರಬಹುದು. ಇನ್ನೊಂದು 1.5% ಮೀರಬಾರದು, ಬೆಲೆ 15, 200ರವರೆಗೆ.

ಟ್ಯಾಂಕ್‌ನಲ್ಲಿ ಬರೀ ಎ ತುಂಬಿಸಿದರೆ 50 ಎ, 50 ಸಿ ಸೇರಿಸಿ ಮೊದಲ ಉತ್ಪನ್ನ 100 ಮಾಡಬಹುದು. 900ರಲ್ಲಿ 800 ಕಳೆದು ಲಾಭ 100. ಅಲ್ಲಿಂದ ಟ್ಯಾಂಕ್‌ಗೆ ಸ್ವಲ್ಪ ಸ್ವಲ್ಪ ಬಿ ಬೆರೆಸಿದರೆ ಲಾಭ ಇಳಿಯುತ್ತದೆ, ಹಾಗಾಗಿ ಮಾಡೆಲ್ ಅಲ್ಲೇ ಕೂರುತ್ತದೆ. ಎ ಪೂರ್ತಿ ಬಿಟ್ಟು ಟ್ಯಾಂಕ್‌ನಲ್ಲಿ ಬರೀ ಬಿ ಇಟ್ಟರೆ? 100 ಬಿ, 100 ಸಿ ಸೇರಿ ಎರಡನೇ ಉತ್ಪನ್ನ 200. 3,000ದಲ್ಲಿ 2,600 ಕಳೆದು ಲಾಭ 400. ನಾಲ್ಕು ಪಟ್ಟು! ಎಲ್ಲಕ್ಕಿಂತ ಅಗ್ಗದ ತೈಲವನ್ನು ಮುಟ್ಟದೇ ಬಂದ ಲಾಭ ಅದು.

ನಿಮ್ಮ ಮಾಡೆಲ್‌ಗೂ ಬೇರೆ ಬೇರೆ ಆರಂಭ ಕೊಟ್ಟು ಓಡಿಸಿ, ಜಾಸ್ತಿ ಲಾಭದ್ದನ್ನು ಇಟ್ಟುಕೊಳ್ಳಿ. ಅದು ಹೇಗೆ ಬಂತು ಅಂತ ಮೇಲಿನಂತೆ ಕೈಯಲ್ಲಿ ಲೆಕ್ಕ ಹಾಕಿ ಒಪ್ಪಿಸಿ.

ತುಕ್ಕು_ತಪಾಸಣೆ

ಜೋಡಿಯ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ಭಾರದ ಕ್ರೂಡ್‌ನಲ್ಲಿ ಆಸ್ಫಾಲ್ಟೀನ್ ಅನ್ನುವ ಡಾಂಬರಿನಂಥ ಭಾರದ ಪದಾರ್ಥ ಇರುತ್ತದೆ. ಹಗುರ ಪ್ಯಾರಾಫಿನ್ ಜಾತಿಯ ಕ್ರೂಡ್ ಜಾಸ್ತಿ ಬಿದ್ದರೆ ಅದು ಕರಗಿರಲಾರದೆ ಕೆಳಗೆ ಕೂರುತ್ತದೆ. ಪ್ರೀಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಳ್ಳುತ್ತದೆ, ಹೀಟರ್‌ನಲ್ಲಿ ಇಂಧನ ಜಾಸ್ತಿ ಸುಡಬೇಕಾಗುತ್ತದೆ, ಡೆಸಾಲ್ಟರ್‌ನಲ್ಲಿ ನೀರು ಬೇರೆಯಾಗುವುದಿಲ್ಲ.

ಇದಕ್ಕೆ ತೈಲ ಸಂಶೋಧಕ ವೀಹೆ ಅವರ ಎರಡು ಸಂಖ್ಯೆಗಳ ಪರೀಕ್ಷೆ ಚೆನ್ನಾಗಿದೆ. ಒಂದು ಕರಗಿಸುವ ಶಕ್ತಿಯ ಸಂಖ್ಯೆ, ಇನ್ನೊಂದು ಕರಗದಿರುವ ಸಂಖ್ಯೆ. ಮಿಶ್ರಣದ ಕರಗಿಸುವ ಸಂಖ್ಯೆ ಯಾವ ಕ್ರೂಡ್‌ನ ಕರಗದ ಸಂಖ್ಯೆಗಿಂತಲೂ ಮೇಲಿರಬೇಕು. ಪ್ರಸಿದ್ಧ ಉದಾಹರಣೆ ಸುವೈದಿಯಾ ಮತ್ತು ಫೋರ್ಟೀಸ್ ಕ್ರೂಡ್‌ಗಳದ್ದು. ಸುವೈದಿಯಾಗೆ ಕರಗಿಸುವುದು 63, ಕರಗದ್ದು 39. ಫೋರ್ಟೀಸ್‌ಗೆ ಕರಗಿಸುವುದು 27. 70% ಸುವೈದಿಯಾ, 30% ಫೋರ್ಟೀಸ್ ಬೆರೆಸಿದರೆ ಸರಾಸರಿ 52, ತೊಂದರೆ ಇಲ್ಲ. ತಿರುಗಿಸಿ 30-70 ಮಾಡಿದರೆ 38ರ ಹತ್ತಿರ ಬಂತು. 39ಕ್ಕಿಂತ ಕೆಳಗೆ, ಆಸ್ಫಾಲ್ಟೀನ್ ಕೂತಿತು. ಅವೇ ಎರಡು ಕ್ರೂಡ್!

ಬೆರೆಸುವ ಕ್ರಮವೂ ಮುಖ್ಯ. ಹಗುರದ್ದು ತುಂಬಿದ ಟ್ಯಾಂಕ್‌ಗೆ ಭಾರದ್ದನ್ನು ಬಿಟ್ಟರೆ ಮೊದಲ ಹೊತ್ತಿನಲ್ಲಿ ಅಪಾಯದ ಪ್ರಮಾಣ ಹಾದೇ ಹೋಗಬೇಕು. ಕೂತ ಆಸ್ಫಾಲ್ಟೀನ್ ಮತ್ತೆ ಬೇಗ ಕರಗುವುದಿಲ್ಲ. ಭಾರದ್ದು ಮೊದಲು, ಹಗುರದ್ದು ಆಮೇಲೆ.

ಹೊಸ_ಪ್ಲಾನರ್

ಲ್ಯಾಬ್‌ಗೆ ಎರಡೂ ಸ್ಯಾಂಪಲ್ ಕಳಿಸುತ್ತೇನೆ. ಇನ್ನೊಂದು ಯೋಚನೆ ಬಂತು. ಹಗುರ ಕ್ರೂಡ್ ತರದೇ, ಭಾರದ ಹಡಗನ್ನು ಎರಡು ತಿಂಗಳಿಗೆ ಹರಡಿ ದಿನಕ್ಕೆ 10 ಸಾವಿರದಂತೆ ಓಡಿಸಿದರೆ? ಪೂರ್ತಿ 3 ಡಾಲರ್ ಸಿಗುತ್ತದಲ್ಲ?

ಹಡಗು_ಬಾಡಿಗೆ

ಸಿಗುತ್ತದೆ. 6 ಲಕ್ಷಕ್ಕೆ 18 ಲಕ್ಷ ಡಾಲರ್. ಜೋಡಿ ದಾರಿಯಲ್ಲಿ 2.15ರಂತೆ 12.9 ಲಕ್ಷ. ಹರಡಿದರೆ ಮಾಲು ಸರಾಸರಿ 15 ದಿನ ಜಾಸ್ತಿ ಟ್ಯಾಂಕ್‌ನಲ್ಲಿ ಇರುತ್ತದೆ. ಕ್ರೂಡ್ 60 ಡಾಲರ್, ಬಡ್ಡಿ ವರ್ಷಕ್ಕೆ 8% ಅಂತ ಹಿಡಿದರೆ ಸುಮಾರು 1.2 ಲಕ್ಷ ಡಾಲರ್ ಬಡ್ಡಿ. ಕಳೆದರೂ ಹರಡುವುದೇ ಮೇಲು.

ಆದರೆ ಮೂರು ವಿಷಯ ಕೇಳಿಕೊಳ್ಳಿ. ಒಂದು ಟ್ಯಾಂಕ್ ಎರಡು ತಿಂಗಳು ಆ ಕ್ರೂಡ್‌ಗೇ ಕಟ್ಟಿಬೀಳುತ್ತದೆ, ನಿಮ್ಮಲ್ಲಿ ಅಷ್ಟು ಟ್ಯಾಂಕ್ ಇದೆಯಾ? ಮಾರುಕಟ್ಟೆ ಬ್ಯಾಕ್‌ವರ್ಡೇಷನ್‌ನಲ್ಲಿದ್ದರೆ, ಅಂದರೆ ಮುಂದಿನ ತಿಂಗಳ ಬೆಲೆ ಈ ತಿಂಗಳಿಗಿಂತ ಕೆಳಗಿದ್ದರೆ, ಟ್ಯಾಂಕ್‌ನಲ್ಲಿ ಕೂತ ಮಾಲಿನ ಬೆಲೆ ಕೂತಲ್ಲೇ ಕರಗುತ್ತದೆ. ಬ್ಯಾರೆಲ್‌ಗೆ ತಿಂಗಳಿಗೆ 1 ಡಾಲರ್ ಇಳಿತ ಇದ್ದರೂ ಮೇಲಿನ 15 ದಿನಕ್ಕೆ 3 ಲಕ್ಷ ಡಾಲರ್ ಹೋಯಿತು. ಮೂರನೆಯದು, ಮುಂದಿನ ತಿಂಗಳು ಇಷ್ಟೇ ಒಳ್ಳೆಯ ಡಿಸ್ಕೌಂಟ್ ಮತ್ತೆ ಬಂದರೆ ನಿಮ್ಮ 30 ಟನ್ ಗಂಧಕದ ಜಾಗ ಆಗಲೇ ಮಾರಿಹೋಗಿರುತ್ತದೆ.

ಹೊಸ_ಪ್ಲಾನರ್

ಟ್ಯಾಂಕ್ ಒಂದು ಖಾಲಿ ಇದೆ, ಆದರೆ ಎರಡನೇ ತಿಂಗಳ ನಡುವೆ ಅದು ಶುಚಿಗೆ ಹೋಗಬೇಕು. ಆ ದಿನಾಂಕ ಮುಂದೆ ಹಾಕಬಹುದಾ ಅಂತ ಕೇಳುತ್ತಿದ್ದೇನೆ.

ಮಾರ್ಜಿನ್_ಮೇಜು

ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಡಿ, ಆಫರ್ ಅಷ್ಟು ದಿನ ಇರುವುದಿಲ್ಲ. ಟ್ರೇಡಿಂಗ್‌ನವರಿಗೆ ಇವತ್ತೇ ಎರಡು ಸಾಲು ಬರೆದು ಕೊಡಿ. ಟ್ಯಾಂಕ್ ಸಿಕ್ಕರೆ ಈಗಿನ ಬೆಲೆಗಿಂತ ಬ್ಯಾರೆಲ್‌ಗೆ 2.80 ಡಾಲರ್‌ವರೆಗೆ ಏರಿಸಬಹುದು, ಬ್ಯಾಕ್‌ವರ್ಡೇಷನ್ ಇದ್ದರೆ ಅದಕ್ಕೆ ತಕ್ಕಂತೆ ಕಡಿಮೆ. ಟ್ಯಾಂಕ್ ಸಿಗದಿದ್ದರೆ ಹಗುರ ಕ್ರೂಡ್ 1 ಡಾಲರ್ ಕೊರತೆಯೊಳಗೆ ಸಿಕ್ಕಿದರೆ ಮಾತ್ರ 2.15ರವರೆಗೆ. ಎರಡೂ ಲಾಭ ಸೊನ್ನೆ ಆಗುವ ಬೆಲೆ, ಕೊಳ್ಳುವ ಬೆಲೆ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು ಅಂತಲೂ ಬರೆಯಿರಿ. ಲ್ಯಾಬ್‌ನಿಂದ ಮಿಶ್ರಣದ ಫಲಿತಾಂಶ ಬರುವ ಮೊದಲು ಎರಡನೇ ದಾರಿಗೆ ಸಹಿ ಹಾಕಿಸಬೇಡಿ.